ಮೇಲ್ಮನೆಯ ಪೀಠ: ಮತವಿಲ್ಲದವರ ಹೊಣೆ

2025ರ ಜುಲೈ 21ರಂದು ಸಂಸತ್ತಿನ ಮುಂಗಾರು ಅಧಿವೇಶನ ಆರಂಭವಾಯಿತು. ಅಂದು ಹಗಲು ರಾಜ್ಯಸಭೆಯ ಪೀಠದಲ್ಲಿ ಕುಳಿತು ಕಲಾಪ ನಡೆಸಿದ ಉಪರಾಷ್ಟ್ರಪತಿ ಜಗದೀಪ್ ಧನಕರ್ ಅವರು ಅದೇ ರಾತ್ರಿ ಆರೋಗ್ಯದ ಕಾರಣ ನೀಡಿ ರಾಷ್ಟ್ರಪತಿಗಳಿಗೆ ರಾಜೀನಾಮೆ ಸಲ್ಲಿಸಿದರು. ಸೆಪ್ಟೆಂಬರ್ 9ರಂದು ನಡೆದ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್ ಅವರು 452 ಮತಗಳನ್ನೂ, ಅವರ ಪ್ರತಿಸ್ಪರ್ಧಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರು 300 ಮತಗಳನ್ನೂ ಪಡೆದರು. ಸೆಪ್ಟೆಂಬರ್ 12ರಂದು ಹೊಸ ಉಪರಾಷ್ಟ್ರಪತಿಗಳು ಪ್ರಮಾಣವಚನ ಸ್ವೀಕರಿಸಿದರು.

ಈ ಏಳೆಂಟು ವಾರಗಳಲ್ಲಿ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಅಭ್ಯರ್ಥಿಗಳ ಪಕ್ಷ, ಪ್ರಾಂತ, ಸಮುದಾಯಗಳನ್ನು ಕುರಿತು ಬೇಕಾದಷ್ಟು ಚರ್ಚಿಸಿದವು. ಆದರೆ ಗೆದ್ದವರು ದಿನನಿತ್ಯ ಕುಳಿತು ಮಾಡಬೇಕಾದ ಕೆಲಸ ಯಾವುದು, ಅದನ್ನು ಚೆನ್ನಾಗಿ ಮಾಡುವುದೆಂದರೆ ಏನು ಎಂಬ ವಿಚಾರ ಹಿಂದೆ ಉಳಿಯಿತು. ಮೇಲ್ಮನೆಯ ಸಭಾಪತಿಯ ಹೊಣೆಗಾರಿಕೆಯನ್ನು ಕುರಿತು ಓದುಗರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದು ನಮಗೆ ಅನಿಸಿದ್ದು ಈ ಕಾರಣಕ್ಕಾಗಿ. ಮೇಲ್ಮನೆಯಿರುವ ದೇಶದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿರುವುದರಿಂದ ಇದು ದೆಹಲಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಸದನದಲ್ಲಿದ್ದೂ ಸದಸ್ಯರಲ್ಲದವರು

ಸಂವಿಧಾನದ 64ನೆಯ ವಿಧಿಯಂತೆ ಉಪರಾಷ್ಟ್ರಪತಿಗಳು ಪದನಿಮಿತ್ತ ರಾಜ್ಯಸಭೆಯ ಸಭಾಪತಿಗಳು. 66ನೆಯ ವಿಧಿಯಂತೆ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರುವಂತಿಲ್ಲ. ಅವರನ್ನು ಆರಿಸುವವರು ಎರಡೂ ಸದನಗಳ ಸದಸ್ಯರು. ಉಪರಾಷ್ಟ್ರಪತಿ ಎಂಬ ಸ್ಥಾನಕ್ಕೆ ಪ್ರತ್ಯೇಕ ವೇತನವಿಲ್ಲ. ಅವರು ಪಡೆಯುವ ವೇತನ ಸಭಾಪತಿ ಎಂಬ ಹೊಣೆಗೆ ಸಲ್ಲುವಂಥದು. ದೇಶದ ಎರಡನೆಯ ಉನ್ನತ ಸ್ಥಾನವೆಂದು ನಾವು ಗೌರವಿಸುವ ಪದವಿಯ ನಿತ್ಯದ ದುಡಿಮೆ ಇರುವುದು ಸದನದ ಪೀಠದಲ್ಲಿ ಎಂಬುದನ್ನು ಈ ಒಂದು ಏರ್ಪಾಡೇ ಸ್ಪಷ್ಟಪಡಿಸುತ್ತದೆ.

ಪೀಠದಲ್ಲಿರುವವರಿಗೆ ಮತದ ಬಲವೂ ಇಲ್ಲ. 100ನೆಯ ವಿಧಿಯಂತೆ ಅವರು ಮೊದಲಿಗೆ ಮತ ಹಾಕುವಂತಿಲ್ಲ. ಎರಡೂ ಕಡೆ ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ಅವರದು. ತಮ್ಮನ್ನೇ ಪದಚ್ಯುತಗೊಳಿಸುವ ನಿರ್ಣಯ ಚರ್ಚೆಗೆ ಬಂದಾಗ ಅವರು ಅಧ್ಯಕ್ಷತೆ ವಹಿಸುವಂತಿಲ್ಲ. ಸದನದಲ್ಲಿದ್ದು ಮಾತನಾಡಬಹುದು, ಆದರೆ ಆ ನಿರ್ಣಯದ ಮೇಲೆ ಅವರಿಗೆ ಯಾವ ಮತವೂ ಇಲ್ಲ ಎಂದು 92ನೆಯ ವಿಧಿ ಹೇಳುತ್ತದೆ.

ನಮ್ಮ ವಿಧಾನ ಪರಿಷತ್ತಿನ ವ್ಯವಸ್ಥೆ ಇದಕ್ಕಿಂತ ತುಸು ಭಿನ್ನ. 75 ಸದಸ್ಯರ ಈ ಸದನ ತನ್ನ ಸಭಾಪತಿಯನ್ನು ತನ್ನ ಸದಸ್ಯರೊಳಗಿನಿಂದಲೇ ಆರಿಸಿಕೊಳ್ಳುತ್ತದೆ. ಅವರು ಪಕ್ಷವೊಂದರಿಂದ ಬಂದವರಾಗಿರುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆಗೆ ನಿಲ್ಲಬೇಕಾಗುತ್ತದೆ. ಆದುದರಿಂದ ರಾಜ್ಯಸಭೆಯಲ್ಲಿ ಸಂವಿಧಾನವೇ ಕಟ್ಟಿಕೊಟ್ಟಿರುವ ಅಂತರವನ್ನು ಇಲ್ಲಿ ಪೀಠಸ್ಥರು ತಮ್ಮ ನಡತೆಯಿಂದಲೇ ಸಂಪಾದಿಸಿಕೊಳ್ಳಬೇಕಾಗಿದೆ. ಹತ್ತನೆಯ ಅನುಸೂಚಿಯು ಇದನ್ನು ಮನಗಂಡು, ಪರಿಷತ್ತಿನ ಸಭಾಪತಿ, ಉಪಸಭಾಪತಿಗಳು ಆ ಸ್ಥಾನಕ್ಕೆ ಆರಿಸಿಬಂದ ಕಾರಣದಿಂದ ಪಕ್ಷದ ಸದಸ್ಯತ್ವ ತೊರೆದರೆ ಅದನ್ನು ಪಕ್ಷಾಂತರವೆಂದು ಎಣಿಸುವುದಿಲ್ಲ. ಕಾನೂನು ತೆರೆದಿಟ್ಟಿರುವ ಈ ಬಾಗಿಲನ್ನು ದಾಟುವವರು ಮಾತ್ರ ವಿರಳ.

ಕಾಲವನ್ನು ಕಾಯುವ ಕೆಲಸ

ಲೋಕಸಭೆಯ ಸಭಾಧ್ಯಕ್ಷರಿಗೂ ರಾಜ್ಯಸಭೆಯ ಸಭಾಪತಿಗಳಿಗೂ ಹೊರನೋಟಕ್ಕೆ ಒಂದೇ ಬಗೆಯ ಕೆಲಸವಿದ್ದಂತೆ ತೋರುತ್ತದೆ. ವಾಸ್ತವದಲ್ಲಿ ವ್ಯತ್ಯಾಸವಿದೆ. ಒಂದು ಮಸೂದೆ ಹಣಕಾಸು ಮಸೂದೆಯೇ ಅಲ್ಲವೇ ಎಂದು ತೀರ್ಮಾನಿಸುವವರು ಲೋಕಸಭೆಯ ಸಭಾಧ್ಯಕ್ಷರು. ಎರಡೂ ಸದನಗಳ ಜಂಟಿ ಅಧಿವೇಶನಕ್ಕೆ ಅಧ್ಯಕ್ಷತೆ ವಹಿಸುವವರೂ ಅವರೇ. ಸರ್ಕಾರ ಉಳಿಯುವುದು, ಉರುಳುವುದು ಕೆಳಮನೆಯ ವಿಶ್ವಾಸದ ಮೇಲೆ. ಮೇಲ್ಮನೆಯ ಸೋಲು ಸರ್ಕಾರವನ್ನು ಬೀಳಿಸುವುದಿಲ್ಲ.

ಹಾಗಾದರೆ ಮೇಲ್ಮನೆ ಇರುವುದೇತಕ್ಕೆ? ಕೆಳಮನೆಯಲ್ಲಿ ಬಹುಮತದ ವೇಗದಲ್ಲಿ ಸಾಗಿಬಂದದ್ದನ್ನು ಇನ್ನೊಮ್ಮೆ ನೋಡುವುದಕ್ಕೆ, ರಾಜ್ಯಗಳ ದನಿಯನ್ನು ಕೇಳುವುದಕ್ಕೆ, ಅನುಭವಿಗಳ ಮಾತಿಗೆ ಎಡೆಮಾಡಿಕೊಡುವುದಕ್ಕೆ. ಈ ಮೂರೂ ಸಮಯವನ್ನು ಬೇಡುವ ಕೆಲಸಗಳು. ಸಮಯವನ್ನು ಹಂಚುವ ಅಧಿಕಾರ ಪೀಠದ ಕೈಯಲ್ಲಿದೆ. ಯಾರು ಎಷ್ಟು ಹೊತ್ತು ಮಾತನಾಡಬೇಕು, ಯಾವ ನೋಟಿಸನ್ನು ಒಪ್ಪಬೇಕು, ಯಾವ ಮಸೂದೆಯನ್ನು ಸ್ಥಾಯಿ ಸಮಿತಿಗೆ ಕಳುಹಿಸಬೇಕು, ಮತವನ್ನು ಎಂದು ಎಣಿಸಬೇಕು ಎಂಬ ನಿರ್ಧಾರಗಳೆಲ್ಲ ಅಲ್ಲಿಂದ ಹೊರಡುತ್ತವೆ. ಸರ್ಕಾರಕ್ಕೆ ತನ್ನ ಮಸೂದೆ ಬೇಗ ಮುಗಿಯಬೇಕು. ಪ್ರತಿಪಕ್ಷಕ್ಕೆ ತನ್ನ ಆಕ್ಷೇಪ ದಾಖಲಾಗಬೇಕು. ಮೊದಲನೆಯವರ ಅವಸರವೂ ಎರಡನೆಯವರ ಆಕ್ರೋಶವೂ ಒಂದೇ ಗಳಿಗೆಯಲ್ಲಿ ಕೂಡಿಬಂದಾಗ ಪೀಠವು ಏನು ಮಾಡುತ್ತದೆ? ಸಭಾಪತಿಯ ನಿಜವಾದ ಪರೀಕ್ಷೆ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹಿರಿಯರು ಹಾಕಿಕೊಟ್ಟ ಹಾದಿ

ರಾಜ್ಯಸಭೆಯ ಮೊದಲ ಬೈಠಕ್ಕು ನಡೆದದ್ದು 1952ರ ಮೇ 13ರಂದು. ಹತ್ತು ವರ್ಷಗಳ ಕಾಲ ಅದರ ಸಭಾಪತಿಗಳಾಗಿದ್ದವರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್. ಹಿಂದೊಮ್ಮೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಆ ಹಿರಿಯರು, ತಾವು ಯಾವ ಪಕ್ಷಕ್ಕೂ ಸೇರಿದವರಲ್ಲವಾದುದರಿಂದ ಎಲ್ಲ ಪಕ್ಷಗಳಿಗೂ ಸೇರಿದವರು ಎಂಬ ಅರ್ಥದ ಮಾತನ್ನು ಆರಂಭದಲ್ಲಿಯೇ ಆಡಿದರು. ಅವರ ಕಾಲದ ಕಲಾಪಗಳು ಮನೆಮಂದಿಯ ಕೂಟದಂತೆ ನಡೆಯುತ್ತಿದ್ದವೆಂದು ಪ್ರಧಾನಿ ನೆಹರೂ ಅವರು ಮೆಚ್ಚಿ ಹೇಳಿದ್ದುಂಟು. ಆ ದಶಕದಲ್ಲಿ ಉಪಸಭಾಪತಿಗಳಾಗಿ ಅವರ ಜೊತೆಗಿದ್ದವರು ಕರ್ನಾಟಕದ ಎಸ್.ವಿ. ಕೃಷ್ಣಮೂರ್ತಿರಾವ್. ಮುಂದೆ ವಯಲೆಟ್ ಆಳ್ವ, ಕೆ. ರೆಹಮಾನ್ ಖಾನ್ ಅವರೂ ಆ ಸ್ಥಾನವನ್ನು ನಿರ್ವಹಿಸಿದರು.

1974ರಿಂದ 1979ರವರೆಗೆ ಸಭಾಪತಿಯ ಪೀಠದಲ್ಲಿ ನಮ್ಮ ನಾಡಿನ ಬಿ.ಡಿ. ಜತ್ತಿ ಅವರಿದ್ದರು. ಜಮಖಂಡಿ ಸೀಮೆಯ ಸಾವಳಗಿಯಿಂದ ಹೊರಟು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, ಬಸವ ಸಮಿತಿಯ ಸ್ಥಾಪಕರಾಗಿ ನಮ್ಮ ಓದುಗರಿಗೆ ಅವರು ಚಿರಪರಿಚಿತರು. 1977ರಲ್ಲಿ ಫಕ್ರುದ್ದೀನ್ ಅಲಿ ಅಹಮದ್ ಅವರ ನಿಧನಾನಂತರ ಜತ್ತಿಯವರು ಫೆಬ್ರವರಿಯಿಂದ ಜುಲೈವರೆಗೆ ರಾಷ್ಟ್ರಪತಿಯ ಕಾರ್ಯಭಾರ ವಹಿಸಿಕೊಂಡರು. ಅಂತಹ ಸಂದರ್ಭದಲ್ಲಿ ಉಪರಾಷ್ಟ್ರಪತಿಗಳು ಸಭಾಪತಿಯ ಕೆಲಸ ಮಾಡುವಂತಿಲ್ಲವೆಂದು ಸಂವಿಧಾನ ವಿಧಿಸುತ್ತದೆ. ಮಸೂದೆಗೆ ಅಂಕಿತ ಹಾಕುವ ಕೈ ಮತ್ತು ಸದನದ ಗಂಟೆ ಬಾರಿಸುವ ಕೈ ಒಂದೇ ಆಗಬಾರದೆಂಬ ಎಚ್ಚರವನ್ನು ಇದರಲ್ಲಿ ಕಾಣಬಹುದು.

ಈಚಿನವರಲ್ಲಿ ಹಮೀದ್ ಅನ್ಸಾರಿ ಅವರ ಕಾಲದಲ್ಲಿ, ಗದ್ದಲಕ್ಕೆ ಬಲಿಯಾಗುತ್ತಿದ್ದ ಪ್ರಶ್ನೋತ್ತರ ಅವಧಿಯನ್ನು ಉಳಿಸಲೆಂದು 2014ರಲ್ಲಿ ಅದನ್ನು ಬೆಳಗಿನ 11ರಿಂದ ಮಧ್ಯಾಹ್ನ 12 ಗಂಟೆಗೆ ಬದಲಿಸಲಾಯಿತು. ಎಂ. ವೆಂಕಯ್ಯ ನಾಯ್ಡು ಅವರ ಕಾಲದಲ್ಲಿ, 2018ರಲ್ಲಿ, ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಯೂ ಮಾತನಾಡಲು ಅನುವಾದದ ಅನುಕೂಲ ಏರ್ಪಟ್ಟಿತು. ಕನ್ನಡಿಗ ಸದಸ್ಯರು ಕನ್ನಡದಲ್ಲಿ ಮಾತನಾಡಿದರೆ ಉಳಿದವರಿಗೆ ತಿಳಿಯುವಂತಾಗುವ ವ್ಯವಸ್ಥೆ ಅದು. ಇಂತಹ ಕೆಲಸಗಳಿಗೆ ಕಾನೂನಿನ ತಿದ್ದುಪಡಿ ಬೇಕಿರಲಿಲ್ಲ. ಪೀಠದಲ್ಲಿರುವವರ ಮನಸ್ಸು ಬೇಕಿತ್ತು.

ಎಣಿಸದ ಮತ

ಪರೀಕ್ಷೆಯ ಗಳಿಗೆ ಒದಗಿದ್ದು 2020ರ ಸೆಪ್ಟೆಂಬರ್ 20ರಂದು. ಮೂರು ಕೃಷಿ ಮಸೂದೆಗಳ ಪೈಕಿ ಎರಡು ಅಂದು ರಾಜ್ಯಸಭೆಯ ಮುಂದಿದ್ದವು. ಪೀಠದಲ್ಲಿದ್ದವರು ಉಪಸಭಾಪತಿ ಹರಿವಂಶ್. ಮಸೂದೆಗಳನ್ನು ಸಮಿತಿಗೆ ಒಪ್ಪಿಸಬೇಕು, ಮತಗಳನ್ನು ಎಣಿಸಬೇಕು ಎಂದು ಪ್ರತಿಪಕ್ಷದವರು ಕೇಳಿದರು. ಪೀಠವು ಧ್ವನಿಮತದಿಂದ ಮಸೂದೆಗಳು ಅಂಗೀಕಾರವಾದವೆಂದು ಘೋಷಿಸಿತು. ಸದನ ಶಾಂತವಾಗಿರಲಿಲ್ಲ, ಕೇಳಿದವರು ತಮ್ಮ ಆಸನದಲ್ಲಿರಲಿಲ್ಲ ಎಂಬುದು ಪೀಠದ ಸಮರ್ಥನೆಯಾಗಿತ್ತು. ಆಸನದಲ್ಲಿದ್ದುಕೊಂಡೇ ಕೇಳಿದೆವೆಂಬುದು ಪ್ರತಿಪಕ್ಷದ ಕೆಲವರ ವಾದವಾಗಿತ್ತು. ಅಂದು ಪ್ರತಿಪಕ್ಷದ ನಡತೆಯೂ ಶೋಭಿಸುವಂತಿರಲಿಲ್ಲ. ನಿಯಮಾವಳಿಯ ಪುಸ್ತಕವನ್ನು ಹರಿಯುವ ಯತ್ನ ನಡೆಯಿತು, ಪೀಠದ ಮೈಕಿಗೆ ಕೈಹಾಕಲಾಯಿತು. ಮರುದಿನ ಎಂಟು ಮಂದಿ ಸದಸ್ಯರು ಅಮಾನತುಗೊಂಡರು. ಸಂಸತ್ತಿನ ಆವರಣದಲ್ಲಿ ರಾತ್ರಿಯಿಡೀ ಧರಣಿ ಕುಳಿತ ಅವರಿಗೆ ಉಪಸಭಾಪತಿಗಳು ಬೆಳಿಗ್ಗೆ ತಾವೇ ಚಹಾ ಒಯ್ದರು. ಅವರ ಆ ಸೌಜನ್ಯ ಮೆಚ್ಚತಕ್ಕದ್ದು. ಆದರೆ ಸದಸ್ಯರು ಕೇಳಿದ್ದು ಮತದ ಎಣಿಕೆಯನ್ನು.

ಸಂವಿಧಾನದ 100ನೆಯ ವಿಧಿಯು ಸದನದ ನಿರ್ಣಯಗಳು ಹಾಜರಿದ್ದು ಮತ ಹಾಕುವ ಸದಸ್ಯರ ಬಹುಮತದಿಂದ ಆಗಬೇಕೆನ್ನುತ್ತದೆ. ಧ್ವನಿಮತವು ಯಾರಿಗೂ ತಕರಾರಿಲ್ಲದಾಗ ಹೊತ್ತು ಉಳಿಸಲು ಮಾಡಿಕೊಂಡ ಅನುಕೂಲ. ತಕರಾರು ಬಂದಾಗ ಎಣಿಸಬೇಕೆಂಬುದು ಸದನದ ನಿಯಮವೂ ಹೌದು, ನ್ಯಾಯವೂ ಹೌದು. ಸದನ ಅಶಾಂತವಾಗಿದ್ದರೆ ಅರ್ಧ ಗಂಟೆ ಮುಂದೂಡಿ, ಶಾಂತವಾದ ಮೇಲೆ ಎಣಿಸಬಹುದಿತ್ತು. ಸರ್ಕಾರಕ್ಕೆ ಬೆಂಬಲವಿದ್ದಿದ್ದರೆ ಎಣಿಕೆಯಲ್ಲಿಯೂ ಗೆಲ್ಲುತ್ತಿತ್ತು. ಆ ಗೆಲುವಿಗೆ ಹೆಚ್ಚಿನ ಮಾನ್ಯತೆಯೂ ದೊರೆಯುತ್ತಿತ್ತು. ಮುಂದೆ ಆದದ್ದು ಎಲ್ಲರಿಗೂ ತಿಳಿದಿದೆ. ದೆಹಲಿಯ ಗಡಿಗಳಲ್ಲಿ ರೈತರು ಒಂದು ವರ್ಷ ಕುಳಿತರು. 2021ರ ನವೆಂಬರ್ 29ರಂದು ಆ ಮೂರೂ ಕಾಯ್ದೆಗಳು ರದ್ದಾದವು. ರದ್ದತಿಯ ಮಸೂದೆಯೂ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಅಂಗೀಕಾರವಾಯಿತು. ಬರುವಾಗ ಎಣಿಕೆಯಿಲ್ಲ, ಹೋಗುವಾಗ ಚರ್ಚೆಯಿಲ್ಲ. ರೈತರ ಬದುಕನ್ನು ಮುಟ್ಟುವ ಕಾನೂನುಗಳಿಗೆ ಮೇಲ್ಮನೆಯು ಮೇಲ್ಮನೆಯಾಗಿ ಒದಗಲೇ ಇಲ್ಲ.

ಹೆಸರಿಸುವ ಅಧಿಕಾರ

ಅಮಾನತಿನ ವಿಷಯವನ್ನೂ ಸ್ವಲ್ಪ ವಿವರವಾಗಿ ನೋಡಬೇಕು. ರಾಜ್ಯಸಭೆಯ ನಿಯಮಗಳಂತೆ ಸಭಾಪತಿಗಳು ತಾವಾಗಿ ಯಾರನ್ನೂ ಅಧಿವೇಶನದ ಉಳಿದ ದಿನಗಳಿಗೆ ಅಮಾನತುಗೊಳಿಸಲಾರರು. ಅವರು ಅಶಿಸ್ತಿನ ಸದಸ್ಯರನ್ನು ಹೆಸರಿಸುತ್ತಾರೆ, ಆಮೇಲೆ ಪ್ರಸ್ತಾವ ಮಂಡನೆಯಾಗುತ್ತದೆ, ತೀರ್ಮಾನ ಸದನದ್ದು. ಸದನದ ತೀರ್ಮಾನವೆಂದರೆ ಬಹುಮತದ ತೀರ್ಮಾನ. ಆದ್ದರಿಂದ ಅಲ್ಪಸಂಖ್ಯೆಯವರಿಗೆ ರಕ್ಷಣೆಯೇನಾದರೂ ಇದ್ದರೆ ಅದು ಹೆಸರಿಸುವ ಮೊದಲ ಹೆಜ್ಜೆಯಲ್ಲಿ, ಪೀಠದ ವಿವೇಚನೆಯಲ್ಲಿ ಇದೆ.

2023ರ ಡಿಸೆಂಬರ್‌ನಲ್ಲಿ ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆ ಬೇಕೆಂದು ಪಟ್ಟುಹಿಡಿದ ಪ್ರತಿಪಕ್ಷದ ಸದಸ್ಯರಲ್ಲಿ ಲೋಕಸಭೆಯ 100 ಮಂದಿಯೂ ರಾಜ್ಯಸಭೆಯ 46 ಮಂದಿಯೂ ಅಮಾನತುಗೊಂಡರು. ಅದೇ ಅಧಿವೇಶನದಲ್ಲಿ, ಅವರು ಹೊರಗಿದ್ದಾಗಲೇ, ಭಾರತೀಯ ನ್ಯಾಯ ಸಂಹಿತೆಯೂ ಸೇರಿದಂತೆ ಮೂರು ಹೊಸ ಅಪರಾಧ ಕಾನೂನುಗಳು ಅಂಗೀಕಾರಗೊಂಡವು. ಶತಮಾನಕ್ಕೂ ಮಿಕ್ಕಿ ನಡೆದುಬಂದ ದಂಡಸಂಹಿತೆಯ ಸ್ಥಾನದಲ್ಲಿ ಹೊಸದು ಬರುವಾಗ ಮೇಲ್ಮನೆಯ ಪೀಠವು ಹೊರಗಿದ್ದವರನ್ನು ಒಳಕ್ಕೆ ಕರೆಯಲು ದಾರಿ ಹುಡುಕಬೇಕಿತ್ತು. ಸದಸ್ಯರು ಬಾವಿಗಿಳಿದು ಕೂಗುವುದನ್ನು ನಾವು ಒಪ್ಪುವುದಿಲ್ಲ. ಆದರೆ ಒಂದೇ ದಿನ 45 ಮಂದಿಯನ್ನು ಹೊರಗಿಟ್ಟಾಗ ಆ ಶಿಕ್ಷೆ ಒಬ್ಬೊಬ್ಬರ ತಪ್ಪಿಗೆ ಕೊಟ್ಟದ್ದೆಂದು ಹೇಳುವುದು ಕಷ್ಟ.

ನಂಬಿಕೆ ಕುಂದಿದಾಗ

ಇಂತಹ ಪ್ರಸಂಗಗಳು ಸೇರುತ್ತಾ ಹೋದದ್ದರ ಫಲವಾಗಿ 2024ರ ಡಿಸೆಂಬರ್ 10ರಂದು, ರಾಜ್ಯಸಭೆಯ ಇತಿಹಾಸದಲ್ಲಿ ಮೊದಲ ಬಾರಿಗೆ, ಸಭಾಪತಿಗಳ ಪದಚ್ಯುತಿಗಾಗಿ ಪ್ರತಿಪಕ್ಷಗಳು ನೋಟಿಸ್ ಕೊಟ್ಟವು. 67ನೆಯ ವಿಧಿಯಂತೆ ಇಂತಹ ನಿರ್ಣಯಕ್ಕೆ ಕನಿಷ್ಠ 14 ದಿನಗಳ ಮುನ್ಸೂಚನೆ ಬೇಕು. ರಾಜ್ಯಸಭೆಯ ಆಗಿನ ಎಲ್ಲ ಸದಸ್ಯರ ಬಹುಮತ ಬೇಕು. ಆ ಬಳಿಕ ಲೋಕಸಭೆ ಒಪ್ಪಬೇಕು. ಅಧಿವೇಶನ ಮುಗಿಯಲು 14 ದಿನಗಳೂ ಉಳಿದಿರಲಿಲ್ಲ. ಡಿಸೆಂಬರ್ 19ರಂದು ಉಪಸಭಾಪತಿಗಳು ನೋಟಿಸನ್ನು ತಿರಸ್ಕರಿಸಿದರು. ಅದು ಗೆಲ್ಲುವುದಿಲ್ಲವೆಂದು ಕೊಟ್ಟವರಿಗೂ ಗೊತ್ತಿತ್ತು. ನಾವು ಗಮನಿಸಬೇಕಾದದ್ದು, ಸದನದ ಒಂದು ಪಾರ್ಶ್ವವು ಪೀಠವನ್ನು ತನ್ನದೆಂದು ಭಾವಿಸದ ಸ್ಥಿತಿ ತಲುಪಿತ್ತೆಂಬುದನ್ನು.

ನಂಬಿಕೆ ಪೂರ್ತಿ ಕುಸಿದರೆ ಏನಾಗುತ್ತದೆಂಬುದನ್ನು ನಾವು ಬೆಂಗಳೂರಿನಲ್ಲಿಯೇ ಕಂಡಿದ್ದೇವೆ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ, ಸಭಾಪತಿ ಕೆ. ಪ್ರತಾಪಚಂದ್ರ ಶೆಟ್ಟಿ ಅವರ ವಿರುದ್ಧದ ಅವಿಶ್ವಾಸದ ವಿವಾದದ ನಡುವೆ, ಉಪಸಭಾಪತಿ ಎಸ್.ಎಲ್. ಧರ್ಮೇಗೌಡ ಅವರು ಪೀಠವೇರಿದರು. ಅವರನ್ನು ಕೆಲವು ಸದಸ್ಯರು ಎಳೆದು ಕೆಳಗಿಳಿಸಿದರು. ತಳ್ಳಾಟ, ನೂಕಾಟ ನಡೆದು, ಮಾರ್ಷಲ್‌ಗಳು ನಡುವೆ ಬಂದು, ಕೊನೆಗೆ ಸದನ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತು. ಆ ತಿಂಗಳ ಕೊನೆಯಲ್ಲಿ ಧರ್ಮೇಗೌಡರು ಅಕಾಲಿಕವಾಗಿ ತೀರಿಕೊಂಡದ್ದು ಪಕ್ಷಭೇದವಿಲ್ಲದೆ ಎಲ್ಲರನ್ನೂ ನೋಯಿಸಿತು. ಹಿರಿಯರ ಮನೆ ಎಂದು ಕರೆಸಿಕೊಳ್ಳುವ ಸದನದಲ್ಲಿ ಪೀಠವು ಕೈಬಲದಿಂದ ಹಿಡಿಯುವ, ಬಿಡಿಸುವ ವಸ್ತುವಾದ ಆ ದಿನವನ್ನು ನಾವು ಮರೆಯಬಾರದು.

ಅದೇ ಸದನ ಮುಂದೆ ಬೇರೊಂದು ಸಾಧ್ಯತೆಯನ್ನೂ ತೋರಿಸಿತು. 1980ರಿಂದ ಶಿಕ್ಷಕರ ಕ್ಷೇತ್ರವನ್ನು ಪ್ರತಿನಿಧಿಸುತ್ತ ಬಂದ ಬಸವರಾಜ ಹೊರಟ್ಟಿ ಅವರು 2021ರ ಫೆಬ್ರವರಿಯಲ್ಲಿ ಸಭಾಪತಿಗಳಾದರು; ಪಕ್ಷ ಬದಲಾದ ಬಳಿಕ 2022ರ ಡಿಸೆಂಬರ್‌ನಲ್ಲಿ ಮತ್ತೆ ಆರಿಸಿಬಂದರು. 2023ರಲ್ಲಿ ರಾಜ್ಯದ ಸರ್ಕಾರ ಬದಲಾದ ಮೇಲೂ ಅವರು ಪೀಠದಲ್ಲಿ ಮುಂದುವರಿದರು. ಸದನದೊಳಗಿನ ಸಂಖ್ಯೆಯ ಲೆಕ್ಕಾಚಾರ ಇದಕ್ಕೊಂದು ಕಾರಣವೆಂಬುದು ನಿಜ. ಆದರೂ ಸರ್ಕಾರ ಒಂದು ಪಕ್ಷದ್ದಾಗಿ, ಪೀಠಸ್ಥರು ಇನ್ನೊಂದು ಪಕ್ಷದಿಂದ ಬಂದವರಾಗಿ ಕಲಾಪ ನಡೆಯಬಲ್ಲದು ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ. ಮೇಲ್ಮನೆಯು ಎಂದೂ ಪೂರ್ತಿಯಾಗಿ ವಿಸರ್ಜನೆಗೊಳ್ಳುವುದಿಲ್ಲ. ಸರ್ಕಾರಗಳು ಬಂದುಹೋದರೂ ಅದು ಉಳಿಯುತ್ತದೆ. ಅದರ ಪೀಠಕ್ಕೂ ಆ ದೀರ್ಘದೃಷ್ಟಿ ಬರಬೇಕು.

ಮಾಡಬಹುದಾದದ್ದು

ದೂರಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಸಂವಿಧಾನವನ್ನು ತಿದ್ದದೆಯೇ ಕೈಗೊಳ್ಳಬಹುದಾದ ಮೂರು ಕ್ರಮಗಳು ನಮಗೆ ಕಾಣುತ್ತವೆ.

ಮೊದಲನೆಯದು ಎಣಿಕೆ. ಒಬ್ಬ ಸದಸ್ಯರು ಮತವಿಭಜನೆ ಕೇಳಿದರೂ ಎಣಿಸದೆ ಯಾವ ಮಸೂದೆಯನ್ನೂ ಅಂಗೀಕಾರವಾಯಿತೆಂದು ಘೋಷಿಸಬಾರದು. ಗದ್ದಲವಿದ್ದರೆ ಸದನವನ್ನು ಮುಂದೂಡಬೇಕು. ಗದ್ದಲವನ್ನೇ ಕಾರಣವಾಗಿಸಿ ಎಣಿಕೆಯನ್ನು ಕೈಬಿಡಬಾರದು.

ಎರಡನೆಯದು ಸಮಿತಿ. ಸಂಸತ್ತಿನಲ್ಲಿ ಇಲಾಖಾವಾರು 24 ಸ್ಥಾಯಿ ಸಮಿತಿಗಳಿವೆ. ಅವುಗಳಲ್ಲಿ ಎಂಟು ರಾಜ್ಯಸಭೆಯ ಆಡಳಿತಕ್ಕೆ ಒಳಪಟ್ಟಿವೆ. ಮಸೂದೆಗಳನ್ನು ಅವುಗಳಿಗೆ ಒಪ್ಪಿಸುವ ಅಧಿಕಾರ ಸಭಾಪತಿಗಳಿಗಿದೆ. ಕೂಗಾಟಕ್ಕೆ ಅವಕಾಶವಿಲ್ಲದ ಆ ಕೊಠಡಿಗಳಲ್ಲಿ ಎಲ್ಲ ಪಕ್ಷದವರೂ ಕೂಡಿ ಓದುತ್ತಾರೆ. ಬಹುಜನರ ಬದುಕನ್ನು ತಟ್ಟುವ ಮಸೂದೆ ಸಮಿತಿಯನ್ನು ಹಾದುಬರುವುದು ರೂಢಿಯಾದರೆ ಸದನದಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ.

ಮೂರನೆಯದು ಅವಧಿ. ಪಕ್ಷಾಂತರದ ದೂರುಗಳನ್ನು ತೀರ್ಮಾನಿಸುವ ಹೊಣೆ ಪೀಠದ್ದು. 2017ರಲ್ಲಿ ಶರದ್ ಯಾದವ್ ಮತ್ತು ಅಲಿ ಅನ್ವರ್ ಅವರ ಪ್ರಕರಣವನ್ನು ವೆಂಕಯ್ಯ ನಾಯ್ಡು ಅವರು ಸುಮಾರು ಮೂರು ತಿಂಗಳಲ್ಲಿ ಮುಗಿಸಿದರು. ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯವಿರಬಹುದು, ವಿಳಂಬದ ದೂರಿಗೆ ಎಡೆಯಿರಲಿಲ್ಲ. 2020ರಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ, ಮೂರು ತಿಂಗಳ ಮಿತಿಯನ್ನೇ ಹೇಳಿತು. ಈ ಕೆಲಸವನ್ನು ಸ್ವತಂತ್ರ ನ್ಯಾಯಮಂಡಲಿಗೆ ಒಪ್ಪಿಸುವ ಬಗ್ಗೆ ಸಂಸತ್ತು ಯೋಚಿಸಲಿ ಎಂದೂ ಸೂಚಿಸಿತು. ಹೊಸ ಮಂಡಲಿ ಬರುವವರೆಗೆ ಪೀಠಗಳು ತಾವೇ ಈ ಮಿತಿಯನ್ನು ಹಾಕಿಕೊಳ್ಳಬಹುದು.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ಪ್ರತಿಪಕ್ಷಕ್ಕೆ ಇಷ್ಟೆಲ್ಲ ಅವಕಾಶ ಕೊಟ್ಟರೆ ಚುನಾಯಿತ ಸರ್ಕಾರ ಕೆಲಸ ಮಾಡುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅವಕಾಶ ಪಡೆದವರು ಸದನವನ್ನು ನಡೆಯಗೊಡದಿದ್ದರೆ ಪೀಠವು ಕಠಿಣವಾಗಲೇಬೇಕು. ಮಾತನಾಡಲು ಸಮಯ ಸಿಕ್ಕ ಮೇಲೂ ಕೂಗುವವರಿಗೆ ಜನರ ಸಹಾನುಭೂತಿ ಉಳಿಯುವುದಿಲ್ಲ. ಸಮಯವೇ ಸಿಗದವರ ಕೂಗಿಗೆ ಮಾತ್ರ ಒಂದು ಸಮರ್ಥನೆ ಉಳಿದುಬಿಡುತ್ತದೆ. ಆ ಸಮರ್ಥನೆಯನ್ನು ಇಲ್ಲವಾಗಿಸುವುದು ಸರ್ಕಾರಕ್ಕೂ ಹಿತ. ಇಂದು ಆಡಳಿತದಲ್ಲಿರುವವರು ನಾಳೆ ಎದುರು ಸಾಲಿನಲ್ಲಿ ಕೂರುವವರೇ.

ಪೀಠ ಎಂಬ ಪದ ನಮ್ಮ ಓದುಗರಿಗೆ ಹತ್ತಿರದ್ದು. ಅದರಲ್ಲಿ ಕುಳಿತವರು ಅದರ ಒಡೆಯರಲ್ಲ, ಅದಕ್ಕೆ ಒಳಪಟ್ಟವರು ಎಂಬ ತಿಳಿವಳಿಕೆ ನಮ್ಮಲ್ಲಿ ಬಾಲ್ಯದಿಂದಲೇ ಬೆಳೆದುಬಂದಿದೆ. ಶಾಸನಸಭೆಯ ಪೀಠಕ್ಕೂ ಈ ತಿಳಿವಳಿಕೆ ಸಲ್ಲುತ್ತದೆ.

ಕಡೆಯದಾಗಿ, ಓದುಗರಲ್ಲಿ ಒಂದು ವಿನಂತಿ. ನಮ್ಮ ಪರಿಷತ್ತಿನ ಏಳು ಸ್ಥಾನಗಳಿಗೆ ಶಿಕ್ಷಕರೂ ಇನ್ನೇಳು ಸ್ಥಾನಗಳಿಗೆ ಪದವೀಧರರೂ ನೇರವಾಗಿ ಮತ ಹಾಕುತ್ತಾರೆ. ಮಠಗಳ ವಿದ್ಯಾಸಂಸ್ಥೆಗಳಲ್ಲಿ ದುಡಿಯುವ ಅನೇಕರು ಈ ಎರಡೂ ಪಟ್ಟಿಗಳಲ್ಲಿದ್ದಾರೆ. ಅಭ್ಯರ್ಥಿಗಳು ಮತ ಕೇಳಲು ಬಂದಾಗ ವೇತನ, ಪಿಂಚಣಿ, ಅನುದಾನಗಳ ಪ್ರಶ್ನೆಗಳನ್ನು ನಾವು ತಪ್ಪದೆ ಕೇಳುತ್ತೇವೆ, ಕೇಳಲೇಬೇಕು. ಅವುಗಳ ಜೊತೆಗೆ, ನೀವು ಯಾರನ್ನು ಸಭಾಪತಿಯ ಪೀಠದಲ್ಲಿ ಕೂರಿಸುತ್ತೀರಿ, ಅವರು ನಿಮ್ಮ ಪಕ್ಷದ ವಿರುದ್ಧ ರೂಲಿಂಗ್ ಕೊಟ್ಟರೆ ತಲೆಬಾಗುತ್ತೀರಾ ಎಂಬ ಪ್ರಶ್ನೆಯನ್ನೂ ಕೇಳೋಣ. ಹಾಗೆ ಕೇಳುವ ಮತದಾರರಿದ್ದಾರೆಂದು ಗೊತ್ತಾದರೆ ಪೀಠದ ಮುಂದೆ ಕೂರುವವರ ನಡತೆಯಲ್ಲಿ ಬದಲಾವಣೆ ಬಂದೇ ಬರುತ್ತದೆ ಎಂದು ನಾವು ನಂಬಿದ್ದೇವೆ.